ಒಲೆ ಆರುವಷ್ಟು ದೂರ

ಅತ್ತಿಗೆ, ನಾದಿನಿ ಎದುರುಬದುರು ಕೂತು ಹಸಿ ಬಟಾಣಿ ಸುಲಿಯುತ್ತಿದ್ದರು. ಕಾಳು ಟವೆಲಿನ ಮೇಲೆ, ಸಿಪ್ಪೆ ಕಿಟಕಿಯಾಚೆಗೆ. ಹಿಂದಿನ ನಿಲ್ದಾಣದಲ್ಲಿ ಅತ್ತಿಗೆ ಇಳಿದು, ಚೌಕಾಸಿ ಮಾಡಿ ಬಟಾಣಿ ಕೊಂಡು, ಮುಖ ತೊಳೆದು ಬಂದು ಕೂತ ಮೇಲೂ ಗಾರ್ಡು ಯಾರ ಜೊತೆಗೋ ಹರಟುತ್ತ ನಿಂತಿದ್ದ. ಇಬ್ಬರೂ ರೈಲಿನಲ್ಲಿ ಊರಿಗೆ ವಾಪಸಾಗುತ್ತಿದ್ದರು.

ನಾದಿನಿಗೆ ಇದು ಮೊದಲ ಪ್ರಯಾಣ. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಬೇಕರಿಯ ಇಟ್ಟಿಗೆ ಒಲೆಯ ಮುಂದೆ ನಿಂತವಳು ಅಲ್ಲೇ ಬೆಳೆದಳು. ಗಲ್ಲಾ ಅಣ್ಣನದು, ಬೆಂಕಿ ಅವಳದು. ಚಳಿಗಾಲದಲ್ಲಿ ಒಲೆಯ ಪಕ್ಕದಲ್ಲೇ ಮಲಗುತ್ತಿದ್ದುದರಿಂದ ಅತ್ತಿಗೆ ಅವಳನ್ನು 'ಬೆಕ್ಕು' ಎನ್ನುತ್ತಿದ್ದರು. ಮನೆಗೆ ಬಂದಾಗಿನಿಂದ ಅವಳ ತಲೆ ಬಾಚಿದವರು, ಅವಳ ಪರವಾಗಿ ಅಣ್ಣನ ಜೊತೆ ಜಗಳಾಡಿದವರು ಅತ್ತಿಗೆಯೇ. ಹೊಳೆದಂಡೆಯ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣ ಎಂದವರೂ ಅವರೇ.

"ಒಲೆ?" ಎಂದು ಅವಳು ಕೇಳಿದ್ದಳು.

"ನಿಮ್ಮಣ್ಣ ದಿನಾ ಸೌದೆ ಹಾಕ್ತಾರಂತೆ, ಆರೋಕೆ ಬಿಡಲ್ವಂತೆ. ನೀನು ಸುಮ್ನೆ ಬಟ್ಟೆ ತುಂಬ್ಕೋ."

ಈ ಗಾಡಿಯ ಕಿಟಕಿಯಲ್ಲಿ ಕಂಡದ್ದು ಓಡಿಹೋಗುತ್ತಿರಲಿಲ್ಲ. ಗೇಟಿಗೆ ಬಣ್ಣ ಬಳಿಯುತ್ತಿದ್ದ ಮುದುಕ ಒಂದು ಸರಳು ಮುಗಿಸಿ ಇನ್ನೊಂದಕ್ಕೆ ಕುಂಚ ಹಚ್ಚುವುದನ್ನೂ ಅವಳು ನೋಡಿದಳು. ಹಗ್ಗದ ಮೇಲಿನ ಬಟ್ಟೆ ನೋಡಿ, ಆ ಮನೆಯಲ್ಲಿ ಎಷ್ಟು ಮಕ್ಕಳೆಂದು ಇಬ್ಬರೂ ಪಂದ್ಯ ಕಟ್ಟಿದರು. ಏರಿನಲ್ಲಿ ಸೈಕಲ್ಲಿನವನೊಬ್ಬ ಗಾಡಿಯನ್ನು ಹಿಂದೆ ಹಾಕಿ ಕೈಬೀಸಿದ.

"ಇಳಿದು ಅವನ ಹಿಂದೆ ಕೂತ್ಕೊಳ್ಳೋದೇ ವಾಸಿ," ಎಂದರು ಅತ್ತಿಗೆ.

ಬೆಳಿಗ್ಗೆ ಜಂಕ್ಷನ್ನಿನಲ್ಲಿ ವೇಗದ ಗಾಡಿಯೊಂದು ಖಾಲಿಯಾಗಿಯೇ ನಿಂತಿತ್ತು. ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದಿತ್ತು. ಈ ಗಾಡಿ ಊರು ಸೇರುವುದು ಮರುದಿನ.

"ಬೇಗ ಹೋಗಿ ಏನ್ಮಾಡ್ಬೇಕು?" ಎಂದಿದ್ದರು ಅತ್ತಿಗೆ. "ಅಲ್ಲೇನು ಮನೆ ಹೊತ್ತಿ ಉರೀತಿದೆಯಾ?" ಇಬ್ಬರೂ ನಕ್ಕಿದ್ದರು.

ಬಟಾಣಿ ಮುಗಿಯುವ ಹೊತ್ತಿಗೆ ಗಾಡಿ ಸಣ್ಣ ನಿಲ್ದಾಣವೊಂದರಲ್ಲಿ ನಿಂತಿತು. ಅವರ ಊರ ಕಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕಿತ್ತು. ಅದೂ ಬಂದು ಪಕ್ಕದ ಹಳಿಯಲ್ಲಿ ನಿಂತಾಗ, ಎದುರಿನ ಕಿಟಕಿಯಲ್ಲಿ ಕಂಡವಳು ಬೇಕರಿಯ ಪಕ್ಕದಂಗಡಿಯ ದರ್ಜಿಯ ಹೆಂಡತಿ.

"ಅಯ್ಯೋ, ನೀವಿನ್ನೂ ಇಲ್ಲೇ ಇದ್ದೀರಾ," ಎಂದಳು ಆಕೆ. "ನಮ್ಮನೆಯವರು ಹೊಲಿದಿಟ್ಟಿದ್ದಕ್ಕೆಲ್ಲ ಧೂಳು ಕಣ್ರೀ. ನಿನ್ನೆ ಕೂಲಿಯವರು ನಿಮ್ಮ ಹೊಗೆಗೂಡು ಕೆಡವಿದ್ರು. ಒಳಗಡೆ ಇನ್ನೂ ಬಿಸಿ, ಕೈಯಿಡೋಕಾಗಲ್ಲ ಅಂತ ಹೊರಟುಹೋದ್ರು. ಇವತ್ತು ಸಂಜೆ ಬಂದು ಉಳಿದಿದ್ದು ಮುಗಿಸ್ತಾರಂತೆ."

"ಏನು ಮುಗಿಸ್ತಾರೆ?" ಎಂದಳು ನಾದಿನಿ.

"ಒಲೆ ಕಣೇ. ಅಂಗಡಿನ ಮೊಬೈಲಿನವರಿಗೆ ಬಾಡಿಗೆಗೆ ಕೊಟ್ರಲ್ಲ ನಿಮ್ಮಣ್ಣ. ನಿಂಗೆ..." ಆಕೆ ಅತ್ತಿಗೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಅಷ್ಟರಲ್ಲಿ ಆಕೆಯ ಗಾಡಿ ಹೊರಟಿತು.

ಹೊರಡುವ ಮೊದಲೊಂದು ದಿನ, ತಲೆ ಬಾಚುತ್ತ ಅತ್ತಿಗೆ ಕೇಳಿದ್ದರು: ಸೌದೆ ಹಾಕದೆ ಬಿಟ್ಟರೆ ಒಲೆ ಪೂರ್ತಿ ಆರೋಕೆ ಎಷ್ಟು ದಿನ ಬೇಕೇ? ಒಲೆಯ ವಿಷಯ ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಹಿಗ್ಗಿ, ಐದಾರು ದಿನ ಬೇಕೆಂದು, ಇಟ್ಟಿಗೆಯ ದಪ್ಪದಿಂದ ಹಿಡಿದು ಎಲ್ಲವನ್ನೂ ಹೇಳಿದ್ದಳು.

"ಅಣ್ಣ ಸೌದೆ ಹಾಕ್ಲೇ ಇಲ್ಲ ಅಲ್ವಾ?" ಎಂದಳು ನಾದಿನಿ ಈಗ.

"ಇನ್ನೆಷ್ಟು ವರ್ಷ ಬೆಂಕಿ ಮುಂದೆ ಬೇಯ್ತೀಯಾ ಬೆಕ್ಕೇ," ಎಂದರು ಅತ್ತಿಗೆ, ಮಡಿಲಲ್ಲಿ ಉಳಿದಿದ್ದ ಸಿಪ್ಪೆಯೊಂದನ್ನೇ ಮತ್ತೆ ಬಿಡಿಸುತ್ತ. "ನೀನು ಎದುರಿಗಿದ್ದಿದ್ರೆ ಕೆಡವೋಕೆ ಬಿಡ್ತಿರ್ಲಿಲ್ಲ. ಹೋಗ್ಲಿ, ನಾಲ್ಕು ದಿನ ಖುಷಿಯಾಗಿ ಇದ್ದೆಯಲ್ಲ."

ಇದ್ದಳು. ಅದು ಸುಳ್ಳಲ್ಲ.

ಗಾಡಿ ಅಲುಗಿ, ತೆವಳತೊಡಗಿತು. ನಿಲ್ದಾಣದ ಬೆಂಚುಗಳು ಒಂದೊಂದಾಗಿ ಹಿಂದೆ ಸರಿದವು.

"ಅಣ್ಣನಿಗೆ ಫೋನ್ ಮಾಡಿ," ಎಂದಳು. "ನಾನು ಬರೋವರೆಗೂ ಮುಟ್ಟಬೇಡ ಅಂತ ಹೇಳಿ."

ಅತ್ತಿಗೆ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡಿದರು.

"ಒಂದೇ ಒಂದು ಫೋನ್ ಮಾಡಿ, ಅತ್ತಿಗೆ."