ವಾಸನೆ ಇಲ್ಲದ ಸೊಳ್ಳೆಪರದೆ

"ಇದೇನ್ರೀ, ಲೇಬಲ್ ಎಲ್ಲಿ?" ಕಂಪನಿಯ ಏಜೆಂಟು ಸೊಳ್ಳೆಪರದೆಯ ನಾಲ್ಕೂ ಅಂಚು ತಡವಿ ಕೇಳಿದ.

"ಕತ್ತರಿಸಿಬಿಟ್ವಿ. ಮಲಗಿದವರ ಕೆನ್ನೆಗೆ ಚುಚ್ಚುತ್ತೆ ಅಂತ ಕಂಪ್ಲೇಂಟು," ಅಂದರು ಹಾಸಿಗೆ ಅಂಗಡಿಯ ಯಜಮಾನರು. ಗಿರಾಕಿಗಳ ಕೆನ್ನೆಯ ಬಗ್ಗೆ ತಮಗೆಷ್ಟು ಕಾಳಜಿ ಅಂತ ಅವರಿಗೇ ಹೆಮ್ಮೆ.

ಏಜೆಂಟು ಪರದೆ ಮೂಸಿದ. ಮತ್ತೆ ಮೂಸಿದ. ಅವನ ಬ್ಯಾಗಿನಲ್ಲಿ 'ಈ ಭಾಗದ ಅತ್ಯುತ್ತಮ ಮಾರಾಟಗಾರ' ಅಂತ ಕೆತ್ತಿಸಿ ಯಜಮಾನರಿಗೆ ಕೊಡಲು ತಂದ ಸ್ಟೀಲ್ ಫಲಕವಿತ್ತು. ಅದನ್ನು ತೆಗೆಯಲು ಹೋದ ಕೈ ಜಿಪ್ಪಿನ ಮೇಲೇ ನಿಂತಿತು.

ಆರು ತಿಂಗಳ ಹಿಂದೆ ಅವನು ಇದೇ ಸ್ಟೂಲಿನ ಮೇಲೆ ಕೂತು, "ಬಿಟ್ಟಿ ಹಂಚೋ ಕಾಲ ಮುಗೀತು ಸಾರ್. ಔಷಧಿಯಲ್ಲಿ ಅದ್ದಿದ ಪರದೇನ ಜನ ದುಡ್ಡು ಕೊಟ್ಟು ತಗೋಬೇಕು. ನಾವೀಗ ಮಾರುಕಟ್ಟೆ ಕಟ್ಟಬೇಕು," ಅಂದಿದ್ದ.

"ಪರದೆ ಕಟ್ಟೋಕೇ ಜನ ಒಪ್ತಿಲ್ಲ, ನೀವು ಮಾರುಕಟ್ಟೆ ಕಟ್ಟೋಕೆ ಹೊರಟ್ರಿ," ಅಂದಿದ್ದರು ಯಜಮಾನರು.

ಆಸ್ಪತ್ರೆಯವರು ಹಿಂದೆ ಬಿಟ್ಟಿ ಕೊಟ್ಟ ಪರದೆಗಳು ಹಿತ್ತಿಲುಗಳಲ್ಲಿ ಸೊಪ್ಪಿನ ಮಡಿಗೆ ಬೇಲಿಯಾಗಿದ್ದವು. ಆ ಬೀದಿಯಲ್ಲಿ ಸೊಪ್ಪಿಗೆ ಮಲೇರಿಯಾ ಬಂದದ್ದೇ ಇಲ್ಲ. ಜನಕ್ಕೆ ಮಾತ್ರ ವರ್ಷ ತಪ್ಪದೆ ಬರುತ್ತಿತ್ತು.

ಯಜಮಾನರು ಮೊದಲ ಎರಡು ತಿಂಗಳು ನೊಣ ಹೊಡೆಯುತ್ತಾ ಸೊಳ್ಳೆಪರದೆ ಮಾರಿದರು. ಬಂದವರೆಲ್ಲ ಬಟ್ಟೆ ಮುಟ್ಟಿ, ಮೂಸಿ, ಮೂಗು ಮುರಿದು, ಒಂದು ದಿಂಬಿನ ಕವರು ತಗೊಂಡು ಹೋದರು. ಔಷಧಿಯ ಘಾಟಿಗೆ ಸೊಳ್ಳೆ ಓಡುವ ಮೊದಲು ಗಿರಾಕಿ ಓಡುತ್ತಿದ್ದ.

ಅಷ್ಟರಲ್ಲಿ ಬಸುರಿ ಮಗಳು ಮನೆಗೆ ಬಂದಳು. ಅವಳ ಮಂಚಕ್ಕೆ ಹೊಸ ಪರದೆ ಕಟ್ಟಿದ್ದೇ ತಡ, "ಅಮ್ಮಾ, ಹೊಟ್ಟೆ ತೊಳಸುತ್ತೆ," ಅಂತ ಎದ್ದು ಓಡಿದಳು. ಯಜಮಾನರ ಹೆಂಡತಿ ಒಗೆಯುವುದರಲ್ಲಿ ಎತ್ತಿದ ಕೈ. ಬಿಸಿನೀರಿಗೆ ಸೋಡಾ ಹಾಕಿ ಪರದೆಯನ್ನು ಮೂರು ಸಲ ಕುಕ್ಕಿ, ಹಿಂಡಿ, ಸುಡುಬಿಸಿಲಿಗೆ ಹರವಿದರು. ಸಂಜೆಗೆ ಅದು ಮಲ್ಲಿಗೆಯಂತೆ ಬೆಳ್ಳಗಿತ್ತು, ನೀರಿನಂತೆ ನಿರ್ವಾಸನೆಯಾಗಿತ್ತು. ಮಗಳು ಹಾಯಾಗಿ ಮಲಗಿದಳು. ಯಜಮಾನರ ತಲೆ ಮಾತ್ರ ಮಲಗಲಿಲ್ಲ.

ಮರುದಿನವೇ ಅಂಗಡಿ ಮುಂದೆ ಹಲಗೆ ಬಂತು: 'ವಾಸನೆ ಇಲ್ಲದ ಸೊಳ್ಳೆಪರದೆ, ನಮ್ಮಲ್ಲಿ ಮಾತ್ರ.' ಬೀದಿ ಬೀದಿಯೇ ಕೊಂಡಿತು.

"ಒಗೆದ್ರಾ?" ಯಜಮಾನರು ಇದನ್ನೆಲ್ಲ ಹೇಳಿ ಮುಗಿಸುತ್ತಲೇ ಏಜೆಂಟಿನ ದನಿ ಸಣ್ಣದಾಯಿತು.

"ಸುಮ್ಮನೆ ಒಗೆದಿದ್ದಲ್ಲಪ್ಪ, ಒಂದೊಂದನ್ನೂ ಮೂರು ಮೂರು ಸಲ," ಒಳಬಾಗಿಲಿಂದ ಹೆಂಡತಿ ಹೇಳಿದರು. ಅಂಗೈ ಬಿರಿದಿದ್ದನ್ನೂ ತೋರಿಸಿದರು. "ನಮ್ಮ ಮನೇಲಿ ಶುದ್ಧ ಅಂದ್ರೆ ಶುದ್ಧ. ಬೇಕಾದ್ರೆ ಬಚ್ಚಲು ನೋಡು ಬಾ. ನಾಲ್ಕು ತಿಂಗಳಾಯ್ತು, ಒಂದು ಜಿರಳೆ ಇಲ್ಲ!"

ಏಜೆಂಟು ಬಚ್ಚಲು ನೋಡಲು ಹೋಗಲಿಲ್ಲ. "ಅಮ್ಮಾ, ಅದು ಶುದ್ಧ ಅಲ್ಲ, ಔಷಧಿ. ಪರದೇಲಿರಬೇಕಾದ್ದು ನಿಮ್ಮ ಬಚ್ಚಲಿಗೆ ಹೋಗಿದೆ. ತಣ್ಣೀರಲ್ಲಿ ಅಪರೂಪಕ್ಕೊಮ್ಮೆ ಜಾಲಿಸಿ, ನೆರಳಲ್ಲಿ ಒಣಗಿಸಿ ಅಂತ ಲೇಬಲ್ಲಿನಲ್ಲೇ ಬರೆದಿತ್ತು."

ಇಡೀ ಬೀದಿಯಲ್ಲಿ ಸೊಳ್ಳೆಯಿಂದ ಸಂಪೂರ್ಣ ರಕ್ಷಣೆ ಸಿಕ್ಕಿದ್ದು ಒಂದು ಬಚ್ಚಲಿಗೆ.

ಏಜೆಂಟು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದ. "ಆಗಿದ್ದಾಯ್ತು. ಬರೀ ಪರದೇನೂ ಒಂದಿಷ್ಟು ತಡೆಯುತ್ತೆ. ನೀವು ಬಾಯಿ ಬಿಟ್ರೆ ಈ ಊರಲ್ಲಿ ಇನ್ನೊಂದು ಪರದೆ ಹೋಗಲ್ಲ ಸಾರ್. ನಿಮ್ಮ ಅಂಗಡಿ ತೋರಿಸಿ ನಾನು ಇನ್ನೂ ಹತ್ತು ಅಂಗಡಿ ಹಿಡಿದಿದ್ದೀನಿ." ಫಲಕವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಟುಹೋದ.

ಹೆಂಡತಿ ಒಳಗೆ ಹೋದರು. ಯಜಮಾನರೂ ಹಿಂದೆಯೇ ಹೋದರು. ಮಗಳು ಪರದೆಯೊಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ದೊಡ್ಡ ಹೊಟ್ಟೆಗೆ ಜಾಗ ಸಾಲದೆ ಅವಳ ಮೊಣಕೈ ಬಲೆಗೆ ಒತ್ತಿಕೊಂಡಿತ್ತು. ಒತ್ತಿದ ಕಡೆ ಆರೇಳು ಕೆಂಪು ಗುಳ್ಳೆ.

"ಸೆಕೆಗೆ ಎದ್ದಿರೋ ಬೆವರುಸಾಲೆ ಅಂದ್ಕೊಂಡಿದ್ದೆ," ಅಂದರು ಹೆಂಡತಿ. ಪರದೆಯ ಅಂಚು ಹಿಡಿದು, "ಇಸ್ತ್ರಿಯವಳ ಮಗೂಗೆ ಎರಡೇ ತಿಂಗಳು ಕಣ್ರೀ. ನಾನೇ ಹೋಗಿ ತೊಟ್ಟಿಲಿಗೆ ಕಟ್ಟಿ ಬಂದಿದ್ದೆ."

"ಈಗ ಏನ್ ಮಾಡೋಣ ಅಂತೀಯ?"

"ಒಗೀದೆ ಇರೋದು ಎಷ್ಟಿದೆ?"

"ಹನ್ನೆರಡು. ಆದ್ರೆ ಹೋಗಿ ಏನಂತ ಹೇಳ್ತೀಯೇ? ನಾಳೆಯಿಂದ ನನ್ನ ಹತ್ರ ದಿಂಬೂ ತಗೊಳಲ್ಲ ಜನ."

"ಒಗೆದುಬಿಟ್ಟೆ ಅಂತ ಹೇಳ್ತೀನಿ. ಇನ್ನೇನು ಹೇಳೋದು?"

ಒಂದನ್ನು ಮಗಳ ಮಂಚಕ್ಕೆ ಕಟ್ಟಿದರು. ಅವಳು ಎದ್ದು, "ಅಪ್ಪಾ, ವಾಸನೆ!" ಅಂದಳು. "ಬರ್ಲಿ," ಅಂದರು ಯಜಮಾನರು. ಕಿಟಕಿ ಪೂರ್ತಿ ತೆಗೆದು, ಮಂಚವನ್ನು ಗಾಳಿ ಬರುವ ಕಡೆಗೆ ಎಳೆದರು. ಉಳಿದ ಹನ್ನೊಂದನ್ನು ಹೆಗಲಿಗೆ ಹಾಕಿಕೊಂಡರು. ಎಳೆ ಮಕ್ಕಳು, ಬಸುರಿಯರು ಇರುವ ಮನೆ ಮೊದಲು ಅಂತ ಹೆಂಡತಿ ದಾರಿಯಲ್ಲಿ ಬೆರಳು ಮಡಿಚುತ್ತಾ ನಡೆದರು.

ಇಸ್ತ್ರಿಯವಳು ಪೆಟ್ಟಿಗೆ ಬದಿಗಿಟ್ಟು ಎಲ್ಲ ಕೇಳಿಸಿಕೊಂಡಳು. "ಅಂದ್ರೆ ಇಷ್ಟು ದಿನ ಬರೀ ಬಟ್ಟೆನಾ ಅಕ್ಕಾ?" ಅಂದಳು.

"ಬರೀ ಬಟ್ಟೆ ಕಣೇ."

"ನೀವೇ ಅಲ್ವಾ ವಾಸನೆ ಇಲ್ಲ ಅಂತ ಮೂಸಿಸಿದ್ದು?"

"ನಾನೇ."

ಇಸ್ತ್ರಿಯವಳು ಅವರನ್ನು ಒಳಗೆ ಕರೆಯಲಿಲ್ಲ. ಹೊಸ ಪರದೆಯನ್ನು ಕೈಯಿಂದ ಕಿತ್ತುಕೊಂಡಂತೆ ತಗೊಂಡು, ಮೂಸಿ, ಮುಖ ಕಿವುಚಿ, ತೊಟ್ಟಿಲ ಕಡೆ ನಡೆದಳು. ಇನ್ನೂ ಹತ್ತು ಮನೆ ಇತ್ತು. ಪರದೆ ಸಾಲದೆ ಬರೀ ಮಾತು ಕೊಟ್ಟು ಬರಬೇಕಾದ ಮನೆಗಳು ಇನ್ನೂ ಹೆಚ್ಚು.

ಮುಂದಿನ ವಾರಗಳಲ್ಲಿ ಅಂಗಡಿಗೆ ಯಾರೂ ಬರಲಿಲ್ಲ. ಹಲಗೆ ಒಳಗೆ ಹೋಯಿತು. ಫಲಕದ ಹಿಂಬದಿ ಚೆನ್ನಾಗಿ ಹೊಳೆಯುತ್ತಿತ್ತು, ಮಗಳು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದಳು.

ಒಂದು ಬೆಳಿಗ್ಗೆ ಹೆಂಡತಿ ಬಚ್ಚಲಿಗೆ ಹೋದಾಗ ಮೋರಿಯ ಅಂಚಿನಲ್ಲಿ ಒಂದು ಜಿರಳೆ ಕೂತಿತ್ತು. ಮೀಸೆ ಆಡಿಸುತ್ತಿತ್ತು. ಅವರು ಚಪ್ಪಲಿ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಜಿರಳೆ ಒಗೆಯುವ ಕಲ್ಲನ್ನು ಒಂದು ಸುತ್ತು ಹಾಕಿ, ನಿಧಾನವಾಗಿ ಗೋಡೆ ಹತ್ತಿತು.