ದ್ಯಾವಪ್ಪನ ಬಳಿಗಾರ

ಹಾಸ್ಯನಟ ದ್ಯಾವಪ್ಪ ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂದಾಗ ಕೆಂಭಾವಿಯ ಚಹಾದಂಗಡಿಯಲ್ಲಿ ಜನ ಮೊದಲು ನಕ್ಕರಂತೆ. ಆ ಮುಖ ಕಂಡರೆ ನಗುವುದು ಅವರಿಗೆ ಅಷ್ಟು ರೂಢಿಯಾಗಿತ್ತು.

ಈ ಸೀಮೆಯ ಮಾತನ್ನು ಬೆಂಗಳೂರಿನ ಟೀವಿಗೆ ಒಯ್ದವನು ಅವನು. ಊರ ಮಾತು ಬಾಯಿಗೆ ಬಂದರೆ ನಾಚುತ್ತಿದ್ದ ಸುರಪುರದ ಹುಡುಗರು ಅವನಿಂದಾಗಿ ಎದೆಯುಬ್ಬಿಸಿ ಮಾತಾಡಿದರು. ಆದರೆ ಅವನಿಗೆ ಹೆಸರು ತಂದದ್ದು ಒಂದೇ ಪಾತ್ರ. 'ಬ-ಬ-ಬಳಿ' ಅಂತ ತೊದಲುತ್ತ ಓಣಿ ಸುತ್ತುವ ಬಳಿಗಾರ.

ಆ ತೊದಲನ್ನು ಅವನಿಗೆ ಕಲಿಸಿದವಳು ತಂಗಿ ಚಂದಮ್ಮ. ಓಣಿಗೆ ಬಳೆ ಮಾರಲು ಬರುತ್ತಿದ್ದ, ಮಾತು ತೊದಲುವ ಲಾಡ್ಲೇಸಾಬನ ಹಾಗೆ ಕಣ್ಣು ಮುಚ್ಚಿ, ಗದ್ದ ಎತ್ತಿ, ಮಾತು ಸಿಕ್ಕಿಕೊಂಡಂತೆ ಮಾಡಿ ಅಣ್ಣನನ್ನು ನಗಿಸುತ್ತಿದ್ದಳು. ಅಣ್ಣ ಅದನ್ನೇ ಟೀವಿಯಲ್ಲಿ ಮಾಡಿದ. ಆಮೇಲೆ ಲಾಡ್ಲೇಸಾಬ ಓಣಿಗೆ ಕಾಲಿಟ್ಟರೆ ಮಕ್ಕಳು ಅವನಿಗಿಂತ ಮೊದಲೇ 'ಬ-ಬ-ಬಳಿ' ಅಂತ ಕೂಗುತ್ತಿದ್ದವು. ಅವನು ವ್ಯಾಪಾರ ಬಿಟ್ಟು, ಕಾಲುವೆಯ ಗೇಟು ಕಾಯುವ ಕೆಲಸ ಹಿಡಿದು ಕೊಡೇಕಲ್ಲಿಗೆ ಹೋದ. ಸಾಲಿ ಟೀಚರಾಗಿದ್ದ ಚಂದಮ್ಮ ತನ್ನ ತರಗತಿಯ ಮಕ್ಕಳು ಹಾಗೆ ಕೂಗುವುದನ್ನು ಕೇಳಿಯೂ ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದಳು.

ಶಹಾಪುರದಲ್ಲಿ ಶ್ರದ್ಧಾಂಜಲಿ ಸಭೆ. ಕೇಬಲ್ ಟೀವಿಯವರು ನೇರ ತೋರಿಸುತ್ತಿದ್ದರು. ನಾಲ್ಕು ಮಾತಾಡಲು ಎದ್ದ ಚಂದಮ್ಮನಿಗೆ ಯಾರೋ ಕೂಗಿ ಹೇಳಿದರು: "ಟೀಚರ್, ಅಣ್ಣನ ಬಳಿಗಾರನ್ನ ಒಮ್ಮಿ ಮಾಡಿ ತೋರಸ್ರಿ!"

ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಲಾಡ್ಲೇಸಾಬನ ಹೆಂಡತಿ ಖುರ್ಷೀದಬೇಗಂ ಸೆರಗು ಬಿಗಿಹಿಡಿದು ಕೂತದ್ದು ಚಂದಮ್ಮನಿಗೆ ಕಂಡಿತು.

"ಮಾಡೂದಿಲ್ರಿ," ಅಂದಳು. "ಅದು ಪಾತ್ರ ಅಲ್ಲ, ಮನಷ್ಯಾ. ಲಾಡ್ಲೇಸಾಬ ಅಂತ. ಈಗ ಕೊಡೇಕಲ್‌ನಾಗ ಅದಾನ. ಅವನ್ನ ಮೊದಲು ಅಣಕಿಸಿದಾಕಿ ನಾನು. ನಮ್ಮಣ್ಣ ದೊಡ್ಡ ಕಲಾವಿದ, ಆದ್ರ ಅವನ ಅನ್ನ ಕಸಗೊಂಡ."

ಅತ್ತಿಗೆ ಎದ್ದು ಹೊರಗೆ ಹೋದಳು. ಚಂದಮ್ಮನಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಿತ್ತು. ಖುರ್ಷೀದಬೇಗಂ ಬಸ್‌ಸ್ಟ್ಯಾಂಡಿನಲ್ಲಿ ಸಿಗುವತನಕ.

"ಹೆಸರ ಯಾಕ ಹೇಳಿದಿ, ಟೀಚರವ್ವ?" ಅಂದಳು ಖುರ್ಷೀದಬೇಗಂ. "ಕೊಡೇಕಲ್‌ನಾಗ ಯಾರಿಗೂ ಗೊತ್ತಿರಲಿಲ್ಲ. ಊರಾಗ ಬಾಯಿನೇ ತೆರಿಯೂದಿಲ್ಲ ಅಂವ. ಮೂಗ ಅಂತ ತಿಳಕೊಂಡಾರ ಮಂದಿ. ಅದೇ ಚಲೋ ಇತ್ತು."

ಚಂದಮ್ಮ ಅವಳ ಜೊತೆ ಕೊಡೇಕಲ್ಲಿನ ಬಸ್ಸು ಹತ್ತಿದಳು. ಬರಬೇಡ ಅಂತಲೂ ಖುರ್ಷೀದಬೇಗಂ ಅನ್ನಲಿಲ್ಲ.

ಕೊಡೇಕಲ್ಲಿನಲ್ಲಿ ಕಾಲುವೆಯ ದಂಡೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಗೇಟಿನ ಹತ್ತಿರ ಇಬ್ಬರು ಗಂಡಸರು ನಗುತ್ತ ನಿಂತಿದ್ದರು. ಒಬ್ಬ ಗದ್ದ ಎತ್ತಿ, ಕಣ್ಣು ಮುಚ್ಚಿ ಮಾಡಿ ತೋರಿಸುತ್ತಿದ್ದ. ಚಂದಮ್ಮನನ್ನು ನೋಡಿ ಇಬ್ಬರೂ ಜಾಗ ಖಾಲಿ ಮಾಡಿದರು.

ಲಾಡ್ಲೇಸಾಬ ಕೈ ಒರೆಸಿಕೊಂಡು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನನ್ನಿಂದ ತಪ್ಪಾಗ್ಯದ, ಮಾಮು," ಅಂದಳು ಚಂದಮ್ಮ. "ಆಗೂ ಆತು, ಇವತ್ತೂ ಆತು."

ಅವನು ಕಾಲುವೆಯ ನೀರು ನೋಡುತ್ತ ಮಾತಿಗೆ ಬಾಯಿ ತೆರೆದ.

"ದ್ಯಾ... ದ್ಯಾ..."

ಮುಂದಿನ ಅಕ್ಷರ ಚಂದಮ್ಮನ ನಾಲಿಗೆಯ ತುದಿಯಲ್ಲಿತ್ತು. ಅವನ ಗದ್ದದ ಜೊತೆ ತನ್ನ ಗದ್ದವೂ ಮೇಲೇಳುತ್ತಿರುವುದು ತಿಳಿದು ಅವಳಿಗೆ ಹೇಸಿಗೆಯಾಯಿತು. ತುಟಿ ಕಚ್ಚಿ ಹಿಡಿದು ಕಾದಳು.

"ದ್ಯಾವಪ್ಪಗ... ಬ... ಬಹಳ ತ್ರಾಸ ಆತೇನು, ಜೀ... ಜೀವ ಹೋಗೂ ಮುಂದ?"

"ಆತು, ಮಾಮು," ಅಂದಳು ಚಂದಮ್ಮ. ಸಭೆಯಲ್ಲಿ ಬಾರದ ಅಳು ಈಗ ಬಂತು.