ಜಕ್ಕಲಿಯ ಕಡಲೆ

ಟಕ್, ಟಕ್, ಟಕ್. ಬಸ್ಯಾ ತನ್ನ ಮನೆಯಿಂದ ತಂದ ಕಡಲೆಯನ್ನು ಯಂತ್ರ ಒಂದೊಂದಾಗಿ ನೋಡಿ ಎಡಗಡೆಯ ಡಬ್ಬಿಗೆ ತಳ್ಳುತ್ತಿತ್ತು. ಎಡಗಡೆ ಎಂದರೆ ಕೆಟ್ಟ ಕಾಳು. ಬಲಗಡೆಯ ಡಬ್ಬಿಗೆ ಹೆಸರಿಗೆ ಒಂದು ಕಾಳೂ ಬೀಳಲಿಲ್ಲ.

ದೀಪಶ್ರೀ ಬಗ್ಗಿ ಆ ಖಾಲಿ ಡಬ್ಬಿಯೊಳಗೆ ಇಣುಕಿದಳು. ಇವತ್ತು ಶನಿವಾರ, ಮಂಗಳವಾರ ಗದಗಿನಲ್ಲಿ ರೋಬೋಟ್ ಸ್ಪರ್ಧೆಯ ಮೊದಲ ಸುತ್ತು. ನರೇಗಲ್ಲಿನ ಅವರ ಹೈಸ್ಕೂಲಿನಿಂದ ಇಂಥದ್ದಕ್ಕೆ ತಂಡ ಹೊರಟದ್ದೇ ಮೊದಲು, ಅದೂ ಮೂರೇ ಜನ. ಜಕ್ಕಲಿಯ ಬಸ್ಯಾ ಸೈಕಲ್ ಟ್ಯೂಬಿನ ಪಟ್ಟಿಗೆ ತಗಡಿನ ರೆಕ್ಕೆ ಕೂಡಿಸಿ ಯಂತ್ರದ ಮೈ ಮಾಡಿದ್ದ. ದಿಲಾವರ ವೈರು ಜೋಡಿಸಿದ್ದ. ಪಟ್ಟಿಯ ಮೇಲೆ ಬರುವ ಕಾಳನ್ನು ಕ್ಯಾಮೆರಾದಲ್ಲಿ ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದನ್ನು ಫೋಟೋ ತೋರಿಸಿ ತೋರಿಸಿ ಕಲಿಸಿದವಳು ದೀಪಶ್ರೀ. ಹತ್ತನೆಯ ತರಗತಿಯ ಈ ಹುಡುಗಿಗೆ ಈ ವರ್ಷ ತಪ್ಪಿದರೆ ಮುಂದೆ ಈ ಸಾಲೆಯೂ ಇಲ್ಲ, ಈ ತಂಡವೂ ಇಲ್ಲ. ಗದಗ, ಗದಗ ಎಂದು ಮನೆಯವರ ಕಿವಿ ತೂತು ಮಾಡಿಬಿಟ್ಟಿದ್ದಳು.

ನಿನ್ನೆಯವರೆಗೆ ಯಂತ್ರ ಒಂದು ತಪ್ಪನ್ನೂ ಮಾಡಿರಲಿಲ್ಲ. ಆದರೆ ನಿನ್ನೆಯವರೆಗೆ ಅದು ನೋಡಿದ್ದು ಅವಳ ತಂದೆ ದತ್ತಾತ್ರೇಯರ ಕಡಲೆ ಖರೀದಿ ಅಂಗಡಿಯ ಕಾಳನ್ನು ಮಾತ್ರ. ಸ್ಪರ್ಧೆಯಲ್ಲಿ ಕಣದಿಂದ ನೇರವಾಗಿ ತಂದ ಕಡಲೆ ಸುರಿಯುತ್ತಾರೆ ಎಂದು ಮಾಸ್ತರರು ಹೇಳಿದ ಮೇಲೆಯೇ ಬಸ್ಯಾ ಮನೆಯ ಹೊಸ ರಾಶಿಯ ಕಾಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಸಾಲೆಗೆ ಬಂದದ್ದು.

ತಪ್ಪು ಎಲ್ಲಿ ಎಂದು ದೀಪಶ್ರೀಗೆ ತಕ್ಷಣ ತಿಳಿಯಿತು. ಒಳ್ಳೆಯದಕ್ಕೆಂದು ಆಕೆ, ಅಂಗಡಿಯಲ್ಲಿ ಅಪ್ಪ ಕೂರುವ ಗಾದಿಯ ಮುಂದೆ ಹಿತ್ತಾಳೆ ತಾಟಿನಲ್ಲಿ ಮಾದರಿಗೆ ಇಟ್ಟಿದ್ದ ದುಂಡು ಕಾಳನ್ನು ತೋರಿಸಿದ್ದಳು. ಕೆಟ್ಟದ್ದಕ್ಕೆಂದು ತಕ್ಕಡಿಯ ಕೆಳಗೆ ಗುಡಿಸಿ ತೆಗೆದ ಕಾಳು. ಎರೆಮಣ್ಣಿನ ಧೂಳು ಹತ್ತಿದ್ದೆಲ್ಲ ಕೆಟ್ಟದ್ದು ಎಂದು ಯಂತ್ರ ನಿಯತ್ತಿನಿಂದ ಕಲಿತಿತ್ತು. ಬಿತ್ತಿದ್ದನ್ನೇ ಬೆಳೆಯುವುದು, ಯಂತ್ರದ್ದೇನು ತಪ್ಪು?

ಬಸ್ಯಾ ಎಡಗಡೆಯ ಡಬ್ಬಿಯ ಕಾಳನ್ನೆಲ್ಲ ತಿರುಗಿ ಟವೆಲಿಗೆ ಸುರಿದುಕೊಂಡ.

"ಥೇಟ್ ನಿಮ್ಮಪ್ಪಾರಂಗ ಐತಿ ನಿನ್ನ ಮಶೀನು," ಎಂದ. "ಅವರೂ ನಮ್ಮ ಚೀಲದಾಗ ಕೈ ಹಾಕೂಕಿಂತ ಮೊದಲ ಹೊಲಸ ಅದ ಅಂತಾರ. ನಾ ಗದಗಕ್ಕ ಬರೂದಿಲ್ಲ."

ಅಷ್ಟು ಹೇಳಿ ಜಕ್ಕಲಿ ಬಸ್ಸು ಹಿಡಿಯಲು ಹೋಗಿಯೇಬಿಟ್ಟ.

"ಪಟ್ಟಿ ಘಳಿಗಿಗೊಮ್ಮೆ ಜಾರತೈತಿ," ಎಂದ ದಿಲಾವರ. "ಅವನ ಕೈ ಬಿಟ್ರ ಯಾರಿಗೂ ಬಗ್ಗೂದಿಲ್ಲ ಅದು. ಬಸ್ಯಾ ಬರದಿದ್ರ ನಾವು ಹೋಗೂದ ಬ್ಯಾಡ ತಗೋ."

ಸಂಜೆ ದೀಪಶ್ರೀ ಅಂಗಡಿಯಲ್ಲಿ ರೈತರ ಚೀಲದಿಂದ ಒಂದು ಬೊಗಸೆ ಹೊಸ ಕಡಲೆ ತಂದು, ಯಂತ್ರಕ್ಕೆ ಮೊದಲಿನಿಂದ ಕಲಿಸಲು ಕುಳಿತಳು. ಒಳ್ಳೆಯದು ಇತ್ತ, ಕೆಟ್ಟದ್ದು ಅತ್ತ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಅವಳ ಕೈಯೂ ಎಲ್ಲವನ್ನೂ ಕೆಟ್ಟದ್ದರ ಕಡೆಗೇ ಹಾಕುತ್ತಿತ್ತು. ತಾಟಿನ ಕಾಳನ್ನು ನೋಡಿ ಬೆಳೆದ ಕಣ್ಣು, ಬೇರೆ ಏನು ಹೇಳೀತು? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ರವಿವಾರ ಮುಂಜಾನೆ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಜಕ್ಕಲಿಗೆ ಹೋದಳು. ಬಸ್ಯಾ ಅಂಗಳದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಅವಳನ್ನು ನೋಡಿಯೂ ಹೊಲಿಗೆ ಬಿಡಲಿಲ್ಲ.

"ನೀನ ಆರಿಸಿ ಹಾಕು," ಎಂದಳು. "ಚಲೋದ್ಯಾವ್ದು, ಕೆಟ್ಟದ್ಯಾವ್ದು, ನೀನ ಹೇಳು. ನಾ ಬರೇ ಫೋಟೋ ತಗೀತೀನಿ. ನನಗ ತಿಳೀವಲ್ದು ಬಸ್ಯಾ, ಖರೇನ ತಿಳೀವಲ್ದು."

ಬಸ್ಯಾ ದಬ್ಬಣ ಬಿಟ್ಟು ಬಂದು ಎದುರಿಗೆ ಕುಳಿತ. ಹುಳ ಕೊರೆದದ್ದು, ಜೊಳ್ಳು, ಸಣ್ಣ ಹರಳು, ಇವಿಷ್ಟೇ ಎಡಕ್ಕೆ. ಉಳಿದದ್ದೆಲ್ಲ, ಧೂಳಿರಲಿ ಬಿಡಲಿ, ಬಲಕ್ಕೆ. ಹೊತ್ತು ಇಳಿಯುವಷ್ಟರಲ್ಲಿ ಯಂತ್ರ ಜಕ್ಕಲಿಯ ಕಡಲೆಯನ್ನು ಒಪ್ಪಿಕೊಂಡಿತು. ದೀಪಶ್ರೀಗೆ ಅಳು ಬರುವಷ್ಟು ಖುಷಿಯಾಯಿತು.

"ಮಂಗಳವಾರ ಬರ್ತೀಯಲ್ಲ?"

"ನಾಳೆ ನಮ್ಮಪ್ಪ ಈ ಕಡ್ಲೀನ ನಿಮ್ಮ ಅಂಗಡಿಗೆ ತರ್ತಾನ," ಎಂದ ಬಸ್ಯಾ. "ಆವಾಗ ಮಶೀನ್ ತಂದು ತಕ್ಕಡಿ ಬಾಜೂಕ ಇಡು. ಎಲ್ಲಾರೂ ನೋಡ್ಲಿ. ಇಟ್ರ ಬರ್ತೀನಿ."

ದತ್ತಾತ್ರೇಯರು ತೂಕದಲ್ಲಿ ಮೋಸ ಮಾಡಿದವರಲ್ಲ, ಪೇಟೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ಆ ಬೆಲೆಯಿಂದಲೇ ಅವರು ಹೊಲಸು ಎಂದದ್ದು ಹೊಲಸು ಆಗುತ್ತಿತ್ತು. ಗಾದಿಯ ಮೇಲೆ ಕುಳಿತ ಅಪ್ಪನಿಗೆ ಎದುರು ನಿಲ್ಲುವುದೆಂದರೆ ಏನೆಂದು ದೀಪಶ್ರೀಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇಡ್ತೀನಿ ಎಂದಳು. ನ್ಯಾಯಕ್ಕಾಗಿ ಎಂದರೆ ಸುಳ್ಳಾದೀತು. ಗದಗಿನ ಆಸೆಗೆ ಎಂದಳು.

ಸೋಮವಾರ ಬಸ್ಯಾನ ಅಪ್ಪ ದ್ಯಾಮಪ್ಪ ಅಂಗಡಿಯಲ್ಲಿ ಚೀಲ ಇಳಿಸಿದ, ಬಸ್ಯಾ ಬಾಗಿಲಲ್ಲೇ ನಿಂತ. ದತ್ತಾತ್ರೇಯರು ಕೈ ಅದ್ದಿ, ಒಂದು ಚಿಟಿಕೆ ಎತ್ತಿ, ಮುಖ ಸಿಂಡರಿಸಿದರು.

"ಹೊಲಸ ಅದನೋ ದ್ಯಾಮಪ್ಪಾ. ಪೇಟಿ ರೇಟು ಹತ್ತೂದಿಲ್ಲ ಇದಕ್ಕ."

ದೀಪಶ್ರೀ ಯಂತ್ರವನ್ನು ತಂದು ತಕ್ಕಡಿಯ ಪಕ್ಕಕ್ಕೆ ಇಟ್ಟಳು. ಅದೇ ಚೀಲದಿಂದ ಒಂದು ಹಿಡಿ ತೆಗೆದು ಪಟ್ಟಿಯ ಮೇಲೆ ಸುರಿದಳು. ಬಲಕ್ಕೆ, ಬಲಕ್ಕೆ, ಬಲಕ್ಕೆ. ಮಾಲು ತಂದಿದ್ದ ರೈತರು ಸುತ್ತ ಕೂಡಿದರು. ಯಾರೋ ಹಿಂದಿನಿಂದ ನಕ್ಕು, "ಸಾವಕಾರ್ರ, ಮಗಳ ಲೆಕ್ಕ ಬ್ಯಾರೆ ಐತ್ರಿ!" ಎಂದರು.

ದತ್ತಾತ್ರೇಯರ ಮುಖ ಕೆಂಪೇರಿತು. ಎದ್ದು ಬಂದು ಅಂಗೈಯನ್ನು ಪಟ್ಟಿಯ ಮೇಲೆ ಒತ್ತಿ ಯಂತ್ರವನ್ನು ನಿಲ್ಲಿಸಿದರು.

"ನಾಳೆ ನೀ ಗದಗಕ್ಕ ಹೋಗೂದಿಲ್ಲ."

ಅವರು ಕೂಗಲಿಲ್ಲ. ಕೂಗಿದ್ದರೆ ಸಂಜೆಗೆ ಇಳಿಯುವ ಸಿಟ್ಟು ಅದು, ಮೆಲ್ಲಗೆ ಆಡಿದ ಮಾತನ್ನು ಅವರು ಎಂದೂ ಹಿಂದೆ ತೆಗೆದುಕೊಂಡವರಲ್ಲ.

"ಅಪ್ಪಾ, ಬ್ಯಾಡ್ರಿ ಅಪ್ಪಾ, ಇದೊಂದ ಸಲ ಕಳಸ್ರಿ," ಎಂದು ದೀಪಶ್ರೀ ಎಲ್ಲರ ಎದುರಿಗೇ ಅತ್ತುಬಿಟ್ಟಳು.

ದ್ಯಾಮಪ್ಪ ಅವಳನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಮಗನನ್ನೂ ನೋಡಿದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೊಲಸ ಐತ್ರಿ ಸಾವಕಾರ್ರ," ಎಂದ. "ನಂದ ಮಾಲು, ನನಗ ಗೊತ್ತಿಲ್ಲೇನ್ರಿ? ನೀವು ಹೇಳಿದ ರೇಟಿಗೇ ತೂಗ್ರಿ. ಹುಡುಗರ ಆಟ ಅದು, ಅದನ್ನೇನ್ ಮನಸಿಗೆ ಹಚಗೋತೀರಿ? ಆ ಹುಡುಗೀನ್ನ ಕಳಸ್ರಿ, ನಮ್ಮಂವನೂ ಹೋಗಿ ಬರ್ಲಿ."

"ಅಪ್ಪಾ!" ಎಂದ ಬಸ್ಯಾ. ದ್ಯಾಮಪ್ಪ ಆ ಕಡೆ ತಿರುಗಲಿಲ್ಲ.

ದತ್ತಾತ್ರೇಯರು ಪಟ್ಟಿಯ ಮೇಲಿನ ಕೈ ತೆಗೆದರು. "ಆತು, ಹೋಗಲಿ," ಎಂದು ಹಮಾಲನಿಗೆ ಸನ್ನೆ ಮಾಡಿದರು. ಚೀಲ ತಕ್ಕಡಿಗೆ ಏರಿತು.

ತೂಗಬ್ಯಾಡ್ರಿ ಎಂದು ಕೂಗಬೇಕು ಎಂದುಕೊಂಡಳು ದೀಪಶ್ರೀ. ಒಂದು ಮಾತು, ಅಷ್ಟೇ. ಆ ಮಾತು ಆಡಿದರೆ ಗದಗ ಹೋಗುತ್ತದೆ, ಮತ್ತು ಇಷ್ಟೆಲ್ಲ ಆದ ಮೇಲೂ ಆ ಹಾಳು ಗದಗ ಅವಳಿಗೆ ಬೇಕಾಗಿತ್ತು. ಬಾಯಿ ತೆರೆಯಲಿಲ್ಲ. ಹಮಾಲ ತೂಕ ಕೂಗಿ ಹೇಳಿದ, ದ್ಯಾಮಪ್ಪ ಹೂಂ ಎಂದ.

ಬಸ್ಯಾ ಒಳಗೆ ಬಂದು ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಸಾವಕಾರರ ಅಂಗೈ ಒತ್ತಿ ಜಾರಿಹೋಗಿದ್ದ ಪಟ್ಟಿಯನ್ನು ಎಳೆದು ಬಿಗಿ ಮಾಡಿದ.

"ಮುಂಜಾನಿ ಮೊದಲನೇ ಬಸ್ಸಿಗೆ ಹೋಗೂದು," ಎಂದ, ಅವಳ ಮುಖ ನೋಡದೆ. "ತಡಾ ಮಾಡಬ್ಯಾಡ."